ತೊಟ್ಟಿಲು ತರುವ ಮುನ್ನ



ಹೋದ ತಿಂಗಳು ನಮ್ಮ ಓಣಿಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ತವರು ಚಿಕ್ಕೋಡಿ, ಅತ್ತೆಮನೆ ಅಥಣಿ. ಚೊಚ್ಚಲ ಹೆರಿಗೆಗೆಂದು ಬಂದವಳು, ಎಂಟು ತಿಂಗಳು ತುಂಬಿತ್ತು. ನಗುನಗುತ್ತಾ ಇರಬೇಕಾದ ಮುಖ ಬಾಡಿತ್ತು. ಏನವ್ವಾ ಎಂದು ಕೇಳಿದೆ. "ಖಾಲಾ, ತೊಟ್ಟಲದ ಸಲುವಾಗಿ ಅಬ್ಬಾ ಸಾಲ ತಗೊಳಾಕ ಹೊಂಟಾರ್ರೀ" ಎಂದಳು.

ಅವಳ ತಂದೆ ಬಾಡಿಗೆ ಟಂಟಂ ಓಡಿಸುವವರು. ಮದುವೆಯ ಸಾಲದ ಕಂತು ಇನ್ನೂ ಮುಗಿದಿಲ್ಲ. ಹಾಗೆಂದು ಅತ್ತೆಮನೆಯವರೇನೂ ಬಾಯಿಬಿಟ್ಟು ಕೇಳಿಲ್ಲವಂತೆ. ಅವಳ ನೆಗೆಣ್ಣಿಗೆ ತವರಿನವರು ಕೊಟ್ಟ ಸಾಗವಾನಿ ತೊಟ್ಟಿಲಿನ ಫೋಟೊ ಮಾತ್ರ ಮೊಬೈಲಿಗೆ ಕಳಿಸಿದ್ದಾರೆ. ಕೆಳಗೆ ಒಂದು ಅಕ್ಷರವೂ ಇಲ್ಲ. ಬೇಕೇ, ಹೇಳಿ? ಹೆಣ್ಣು ಹೆತ್ತವರಿಗೆ ಆ ಫೋಟೊ ಸಾಕು.

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ – ಈ ಕಡೆಯ ನಮ್ಮ ಮನೆಗಳಲ್ಲಿ ಮೂರು ಭಾಷೆ. ಮನೆಯೊಳಗೆ ಝೂಲಾ, ಓಣಿಯಲ್ಲಿ ತೊಟ್ಟಿಲು, ಸಂತೆಯಲ್ಲಿ ಪಾಳಣಾ. ಹೆಸರು ಮೂರಾದರೂ ಪದ್ಧತಿ ಒಂದೇ. ಮೊದಲ ಬಾಣಂತನ ತವರಿನದು, ತೊಟ್ಟಿಲೂ ತವರಿನದು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬೀಗರು ಬರುತ್ತಾರೆ, ಊಟವಾಗುತ್ತದೆ, ಹೆಂಗಸರೆಲ್ಲ ತೊಟ್ಟಿಲ ಸುತ್ತ ನಿಂತು ಕಟ್ಟಿಗೆ ಯಾವುದು, ಪಾಲಿಶ್ ಹೇಗಿದೆ, ಎಲ್ಲಿ ತಂದಿರಿ ಎಂದು ವಿಚಾರಿಸುತ್ತಾರೆ. ಕಾಗವಾಡದವರು ಮೀರಜಿನಿಂದ, ನಿಪ್ಪಾಣಿಯವರು ಕೊಲ್ಲಾಪುರದಿಂದ ತಂದದ್ದೆಂದರೆ ಅದಕ್ಕೊಂದು ತೂಕ. ಆ ತೊಟ್ಟಿಲಲ್ಲಿ ಮಲಗುವ ಕೂಸಿಗೆ ಉಸಿರು ಸರಾಗವಾಗಿ ಬರುತ್ತದೆಯೇ, ಹಗ್ಗ ಗಟ್ಟಿ ಇದೆಯೇ ಎಂದು ಕೇಳಿದವರನ್ನು ನಾನಂತೂ ಇಷ್ಟು ವರ್ಷಗಳಲ್ಲಿ ಒಬ್ಬರನ್ನೂ ಕಂಡಿಲ್ಲ.

ತೊಟ್ಟಿಲ ಚೆಂದಕ್ಕೆ ನನ್ನ ವಿರೋಧವೇನಿಲ್ಲ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳ ಹೆಸರು ನೀವು ಕೇಳಿರಬಹುದು. ಸಾಗವಾನಿ ಕಟ್ಟಿಗೆಯ ಮೇಲೆ ಅರಗಿನ ಬಣ್ಣದಲ್ಲಿ ಕೈಯಿಂದ ಚಿತ್ರ ಬರೆಯುತ್ತಾರೆ. ಕೆಲವೇ ಕುಟುಂಬಗಳು ಉಳಿಸಿಕೊಂಡು ಬಂದಿರುವ ಕಸುಬು ಅದು. 2018ರಲ್ಲಿ ತೀರಿಕೊಂಡ ನಟ ಅಂಬರೀಷ್ ಅವರು ನಟ ಯಶ್ ಅವರ ಮಗುವಿಗೆಂದು ಮೊದಲೇ ಹೇಳಿ ಮಾಡಿಸಿದ್ದ ತೊಟ್ಟಿಲು ಅವರ ಮರಣದ ನಂತರ ಆ ಮನೆ ಸೇರಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದೂ ಕಲಘಟಗಿಯದೇ. ಉಳ್ಳವರು ಕೊಳ್ಳಲಿ, ಕುಶಲಕರ್ಮಿಯ ಹೊಟ್ಟೆ ತುಂಬಲಿ. ಆದರೆ ಟಂಟಂ ಓಡಿಸುವ ತಂದೆ ಅಂಥದ್ದೇ ಬೇಕೆಂದು ಬಡ್ಡಿಗೆ ಕೈಯೊಡ್ಡುವುದಿದೆಯಲ್ಲ, ಅದನ್ನು ಸಂಭ್ರಮವೆಂದು ಕರೆಯಲು ನನಗೆ ಮನಸ್ಸು ಬಾರದು.

ಇಲ್ಲಿ ಇನ್ನೊಂದು ಲೆಕ್ಕವಿದೆ, ಅದನ್ನು ಯಾರೂ ಹಾಕುವುದಿಲ್ಲ. ಬಾಣಂತಿಯನ್ನು ಅತ್ತೆಮನೆಗೆ ಕಳಿಸುವುದು ಯಾವಾಗ? ಬೇಗ ಎಂದರೆ ನಲವತ್ತು ದಿನದ ಚಿಲ್ಲಾ ಮುಗಿದ ಮೇಲೆ. ಬಹಳಷ್ಟು ಮನೆಗಳಲ್ಲಿ ಮೂರು ತಿಂಗಳು, ಐದು ತಿಂಗಳು. ತವರಿನ ತೊಟ್ಟಿಲು ಟೆಂಪೋ ಏರಿ ಮೆರವಣಿಗೆಯಂತೆ ಹೋಗುವುದು ಆಗ. ಮಗು ಮಗ್ಗಲಾಗಿ ಬೋರಲು ಬೀಳಲು ಕಲಿಯುವುದೂ ಸರಿಯಾಗಿ ಆಗಲೇ – ಕೆಲವು ಮೂರರಲ್ಲಿ, ಹೆಚ್ಚಿನವು ನಾಲ್ಕರಿಂದ ಆರು ತಿಂಗಳಲ್ಲಿ. ತೂಗುವ ತೊಟ್ಟಿಲಲ್ಲಿ ಮಗು ಬೋರಲು ಬಿದ್ದರೆ, ಕೈಯೂರಿ ಎದ್ದರೆ, ತೊಟ್ಟಿಲು ಒಂದು ಕಡೆಗೆ ವಾಲುತ್ತದೆ. ಅಲ್ಲಿಗೆ ತೂಗುವ ತೊಟ್ಟಿಲಿನ ಕಾಲ ಮುಗಿಯಿತು, ಮಗು ನೆಲದ ಹಾಸಿಗೆಗೋ ಎತ್ತರದ ಕಂಬಿಯುಳ್ಳ, ಅಲುಗಾಡದ ಮಂಚಕ್ಕೋ ಬರಬೇಕು. ಅಂದರೆ ಸಾಲ ಮಾಡಿ ತಂದ ತೊಟ್ಟಿಲು ಅಥಣಿ ಮುಟ್ಟುವ ಹೊತ್ತಿಗೆ ಅದರ ಉಪಯೋಗ ಹೆಚ್ಚೂಕಡಿಮೆ ತೀರಿರುತ್ತದೆ! ಸಾಲದ ಕಂತು ಮಾತ್ರ ಮಗು ನಡೆದಾಡುವವರೆಗೂ ತೀರುವುದಿಲ್ಲ. ಆ ಹುಡುಗಿಗೆ ಈ ಲೆಕ್ಕ ಹೇಳಿದಾಗ ಅವಳು ಬೆರಳು ಮಡಚಿ ತಿಂಗಳು ಎಣಿಸಿ ನೋಡಿದಳು, ಆಮೇಲೆ ಮೊದಲ ಸಲ ನಕ್ಕಳು.

ಧರ್ಮದ ಮಾತು ಬಂದಾಗ ಒಂದು ಸಂಗತಿ. ಏಳನೆಯ ದಿನ ಅಕೀಕಾ ಕೊಡುವುದು, ಹೆಸರಿಡುವುದು, ತಲೆಗೂದಲು ತೆಗೆಸಿ ಅದರ ತೂಕದ ಬೆಳ್ಳಿಯನ್ನು ದಾನ ಮಾಡುವುದು ನಮಗೆಲ್ಲ ಗೊತ್ತು. ತವರಿನಿಂದ ತೊಟ್ಟಿಲು ಬರಲೇಬೇಕೆಂಬುದು ಅದರಲ್ಲೆಲ್ಲೂ ಇಲ್ಲ. ಎದೆಹಾಲುಣಿಸುವ ತಾಯಿಯ ಅನ್ನ-ಬಟ್ಟೆಯ ಹೊಣೆಯನ್ನು ಅಲ್-ಬಕರಾ ಅಧ್ಯಾಯದ 233ನೆಯ ಸೂಕ್ತವು ಹೊರಿಸಿದ್ದು ಮಗುವಿನ ತಂದೆಯ ಮೇಲೆ. ಶಕ್ತಿ ಮೀರಿದ ಭಾರವನ್ನು ಯಾರ ಮೇಲೂ ಹೇರಬಾರದೆಂಬ ಮಾತೂ ಅದೇ ಸೂಕ್ತದಲ್ಲಿದೆ. ಪ್ರೀತಿಯಿಂದ ನಾನಾ-ನಾನಿ ಕೊಟ್ಟರೆ ಅದು ಉಡುಗೊರೆ, ಯಾರದೂ ತಕರಾರಿಲ್ಲ. ಫೋಟೊ ಕಳಿಸಿ ಪಡೆದರೆ ಅದಕ್ಕೆ ಏನೆನ್ನಬೇಕೋ ನೀವೇ ಹೇಳಿ. ಗಂಡುಮಕ್ಕಳ ತಾಯಂದಿರೇ, ಈ ಸಾಲುಗಳನ್ನು ಬರೆಯುವಾಗ ನನ್ನ ಕಣ್ಣೆದುರು ಇರುವುದು ನೀವು.

ಸರಿ, ತೊಟ್ಟಿಲು ಬೇಕೇಬೇಕು. ಹೇಗೆ ನೋಡಿ ತರಬೇಕು?

ಅಂಗಡಿಗೆ ಹೋದಾಗ ಮೊದಲು ಕಣ್ಣು ಹಾಯಿಸಬೇಕಾದದ್ದು ತಳಕ್ಕೆ, ಬಣ್ಣಕ್ಕಲ್ಲ. ತಳ ಸಪಾಟಾಗಿ, ಗಟ್ಟಿಯಾಗಿ ಇರಬೇಕು. ನವಾರದ ಪಟ್ಟಿಯೋ ಪ್ಲಾಸ್ಟಿಕ್ ನೇಯ್ಗೆಯೋ ಇದ್ದರೆ ಅಂಗೈ ಇಟ್ಟು ಒತ್ತಿ ನೋಡಿ. ನಡುವೆ ತಗ್ಗು ಬಿದ್ದರೆ ಮಗುವಿನ ಗದ್ದ ಎದೆಗೆ ಅಂಟುತ್ತದೆ. ಹಸುಗೂಸಿನ ಕುತ್ತಿಗೆಗೆ ಅದನ್ನು ಎತ್ತುವ ಬಲವಿಲ್ಲ, ಉಸಿರಿನ ದಾರಿ ಕಿರಿದಾಗುತ್ತದೆ. ಅಳುವುದಕ್ಕೂ ಆಗದೆ ಮಗು ಸುಮ್ಮನಾಗುತ್ತದೆ, ನಾವು "ಎಷ್ಟು ಚೆಂದ ಮಲಗೇತಿ" ಎಂದು ಅಂದುಕೊಳ್ಳುತ್ತೇವೆ.

ಅದರ ನಂತರ ಕಂಬಿಗಳ ನಡುವಿನ ಸಂದು. ಅಮೆರಿಕದಲ್ಲಿ ಮಗುವಿನ ಮಂಚದ ಕಂಬಿಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಅಂತರ ಇರಕೂಡದೆಂಬ ನಿಯಮವಿದೆ. ಸಂದು ದೊಡ್ಡದಾದರೆ ಮಗುವಿನ ಮೈ ಜಾರಿ ಹೊರಬಂದು ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಆ ಅಳತೆ. ನಮ್ಮ ಸಂತೆಯಲ್ಲಿ ಟೇಪು ಹಿಡಿದು ಅಳೆದು ಕೊಡುವವರಿಲ್ಲ. ಹೊಲಿಗೆ ಡಬ್ಬಿಯ ಟೇಪನ್ನು ನೀವೇ ಒಯ್ಯಿರಿ. ಅದೂ ಮರೆತರೆ ನಾಲ್ಕು ಬೆರಳು ಜೋಡಿಸಿ ಕಂಬಿಗಳ ನಡುವೆ ಹಾಕಿ ನೋಡಿ, ಸಲೀಸಾಗಿ ಒಳಗೆ ಹೋದರೆ ಆ ತೊಟ್ಟಿಲನ್ನು ಅಲ್ಲೇ ಬಿಟ್ಟು ಬನ್ನಿ. ಒಂದು ಬದಿಯನ್ನು ಕೆಳಗಿಳಿಸುವ ಮಂಚಗಳು ನೋಡಲು ಅನುಕೂಲ, ತಾಯಿಗೆ ಬಗ್ಗುವ ತ್ರಾಸಿಲ್ಲ. ಆದರೆ ಆ ಬದಿ ಸಡಿಲಾಗಿ ಕೂಸುಗಳು ಸಿಕ್ಕಿ ಸತ್ತದ್ದರಿಂದ ಅಮೆರಿಕ 2011ರಲ್ಲಿ ಅಂಥವುಗಳ ತಯಾರಿ, ಮಾರಾಟ ಎರಡನ್ನೂ ನಿಷೇಧಿಸಿತು. ಹಳೆಯದು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ.

ಬಣ್ಣದ ವಿಷಯ. ಹಲ್ಲು ಬರುವಾಗ ಮಗು ತೊಟ್ಟಿಲ ಅಂಚನ್ನೇ ಕಚ್ಚುತ್ತದೆ. ಬಣ್ಣದಲ್ಲಿ ಸೀಸ ಇದ್ದರೆ ಅದು ಹೊಟ್ಟೆ ಸೇರಿ ಮೆದುಳಿನ ಬೆಳವಣಿಗೆಗೆ ಕೇಡು ಮಾಡುತ್ತದೆ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಕೂಡದೆಂಬ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕೂ ಮುಂಚಿನ ತೊಟ್ಟಿಲು ಮನೆಯ ಅಟ್ಟದಲ್ಲಿದ್ದು, ಬಣ್ಣ ಚಕ್ಕೆ ಏಳುತ್ತಿದ್ದರೆ ಉಪಯೋಗಿಸಬೇಡಿ. ಮನೆಯಲ್ಲೇ ಉಜ್ಜಿ ತೆಗೆಯಲು ಹೋದರೆ ಆ ಪುಡಿ ಮನೆ ತುಂಬಾ ಹರಡುತ್ತದೆ, ಅದು ಇನ್ನೂ ಕೆಟ್ಟದ್ದು. ಬಣ್ಣವಿಲ್ಲದ ಬರಿಯ ಕಟ್ಟಿಗೆಯ ತೊಟ್ಟಿಲು ಅಗ್ಗವೂ ಹೌದು, ನಿಶ್ಚಿಂತೆಯೂ ಹೌದು.

ಕೊಂಡಿ, ಸರಪಳಿ, ಹಗ್ಗ. ಹಳೆಯ ಮನೆಗಳಲ್ಲಿ ಜಂತಿಗೆ ಕಟ್ಟುತ್ತಿದ್ದರು, ಈಗ ಸ್ಲ್ಯಾಬಿನ ಕೊಂಡಿಗೆ. ನಮ್ಮ ಅಮ್ಮೀ ಒಂದು ಕ್ರಮ ಇಟ್ಟುಕೊಂಡಿದ್ದರು. ತೊಟ್ಟಿಲು ಕಟ್ಟಿದ ಮೇಲೆ ಮೊದಲು ಮಲಗುತ್ತಿದ್ದುದು ಇಪ್ಪತ್ತು ಕಿಲೊ ಜೋಳದ ಚೀಲ! ಒಂದು ರಾತ್ರಿ ಅದನ್ನಿಟ್ಟು, ಬೆಳಿಗ್ಗೆ ಮಕ್ಕಳನ್ನೆಲ್ಲ ಕರೆದು ಜೋರಾಗಿ ತೂಗಿಸುತ್ತಿದ್ದರು. ಕೊಂಡಿಗೆ ಹಗ್ಗ ಉಜ್ಜುವ ಜಾಗವನ್ನು ವಾರಕ್ಕೊಮ್ಮೆ ಸ್ಟೂಲು ಹತ್ತಿ ಮುಟ್ಟಿ ನೋಡುತ್ತಿದ್ದರು. ನಾವು ನಗುತ್ತಿದ್ದೆವು. ಈಗ ನಾನೂ ಅದನ್ನೇ ಹೇಳುತ್ತಿದ್ದೇನೆ. ತೊಟ್ಟಿಲು ಮೊಣಕಾಲ ಎತ್ತರಕ್ಕಿಂತ ಮೇಲೆ ಬೇಡ. ಬಾಗಿಲು ತೆರೆದರೆ ತಾಗುವಲ್ಲಿ, ಒಲೆಯ ಹತ್ತಿರ, ಗೋಡೆಗೆ ಬಡಿಯುವಲ್ಲಿ ಬೇಡ. ಕೂಸಿಗೆ ನಿದ್ದೆ ಹತ್ತಿದ ಮೇಲೆ ತೂಗುವುದನ್ನು ನಿಲ್ಲಿಸಬೇಕು, ನಿಲ್ಲಿಸುವ ಕೀಲು ಇರುವ ತೊಟ್ಟಿಲಾದರೆ ಒಳ್ಳೆಯದು.

ಸ್ಪ್ರಿಂಗ್ ತೊಟ್ಟಿಲು, ಬ್ಯಾಟರಿಯಿಂದ ತಾನೇ ತೂಗಿ ತಾನೇ ಹಾಡುವ ತೊಟ್ಟಿಲು ಎಂದೆಲ್ಲ ಬಂದಿವೆ. ನನಗೇಕೋ ಇಷ್ಟವಿಲ್ಲ. ಬಿಜಾಪುರದ ಸೂಫಿಗಳ ಕುರಿತು ರಿಚರ್ಡ್ ಈಟನ್ ಎಂಬ ಇತಿಹಾಸಕಾರರು 1978ರಲ್ಲಿ ಬರೆದ ಗ್ರಂಥದಲ್ಲಿ ಚಕ್ಕಿನಾಮಾ, ಚರಖಾನಾಮಾ, ಲೋರಿನಾಮಾಗಳ ಪ್ರಸ್ತಾಪ ಬರುತ್ತದೆ. ಬೀಸುವಾಗ, ನೂಲುವಾಗ, ತೂಗುವಾಗ ನಮ್ಮ ಅಜ್ಜಿಯರ ಅಜ್ಜಿಯರು ದಖನಿಯಲ್ಲಿ ಹಾಡುತ್ತಿದ್ದ ಹಾಡುಗಳವು. ಅಲ್ಲಾಹನ ಹೆಸರು ಕೂಸಿನ ಕಿವಿಗೆ ತಾಯಿಯ ದನಿಯಲ್ಲೇ ಬೀಳುತ್ತಿತ್ತು. ಆ ಕೆಲಸವನ್ನು ಬ್ಯಾಟರಿಗೆ ಒಪ್ಪಿಸಬೇಕೇ? ಇದು ಸುರಕ್ಷತೆಯ ಮಾತಲ್ಲ, ನನ್ನ ಮನಸ್ಸಿನ ಮಾತು ಅಷ್ಟೇ.

ತೊಟ್ಟಿಲೊಳಗೆ ಏನಿರಬೇಕು? ಬಹಳ ಕಡಿಮೆ. ಒಂದು ತೆಳ್ಳಗಿನ, ಬಿಗಿಯಾದ ಹತ್ತಿಯ ಹಾಸಿಗೆ. ಹಾಸಿಗೆಗೂ ಅಂಚಿಗೂ ನಡುವೆ ಎರಡು ಬೆರಳು ಹೋಗುವಷ್ಟೂ ಸಂದು ಇರಬಾರದು. ಹಳೆಯ ಸೀರೆಗಳಿಂದ ನಮ್ಮ ಕಡೆ ಹೊಲಿಯುವ ಕೌದಿಯನ್ನು ಬಿಗಿಯಾಗಿ ಮಡಚಿ ಹಾಸಿದರೂ ನಡೆಯುತ್ತದೆ, ಒಗೆಯಲೂ ಸುಲಭ. ಆದರೆ ಕೌದಿ ಕೆಳಗೆ ಇರಬೇಕೇ ಹೊರತು ಮಗುವಿನ ಮುಖದ ಹತ್ತಿರ ಅಲ್ಲ. ದಿಂಬು, ಗೊಂಬೆ, ಮೆತ್ತೆಗಳು ಬೇಡ. ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ರಾಯಿ ಕಾ ತಕಿಯಾ ಇಡುವುದು ನಮ್ಮಲ್ಲಿ ರೂಢಿ. ದಾದಿಯಂದಿರು ಬೇಸರ ಮಾಡಿಕೊಳ್ಳಬಾರದು, ಅದೂ ಬೇಡ. ಮಗು ಎಚ್ಚರವಿದ್ದಾಗ ನಿಮ್ಮ ಕಣ್ಣೆದುರು ಸ್ವಲ್ಪ ಹೊತ್ತು ಬೋರಲು ಮಲಗಿಸಿದರೆ ತಲೆ ಚಪ್ಪಟೆಯಾಗುವುದು ತಪ್ಪುತ್ತದೆ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ. 1994ರಲ್ಲಿ ಅಮೆರಿಕದಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಎಂದು ಮನೆಮನೆಗೆ ಪ್ರಚಾರ ಮಾಡಿದರು. ಮುಂದಿನ ವರ್ಷಗಳಲ್ಲಿ, ಕಾರಣ ತಿಳಿಯದೆ ನಿದ್ದೆಯಲ್ಲೇ ಸಾಯುವ ಶಿಶುಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಖರ್ಚು? ಒಂದು ಪೈಸೆಯೂ ಇಲ್ಲ. ಮೊದಲ ಆರು ತಿಂಗಳಾದರೂ ಮಗು ತಾಯಿಯ ಕೋಣೆಯಲ್ಲೇ, ಕೈಗೆಟಕುವಷ್ಟು ಹತ್ತಿರ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗಬೇಕೆಂದು ವೈದ್ಯರು ಹೇಳುತ್ತಾರೆ.

ಬಾಣಂತಿ ಕೋಣೆಯ ಬೆಂಕಿಯ ಬಗ್ಗೆಯೂ ಹೇಳಲೇಬೇಕು. ಹೊರಸಿನ ಕೆಳಗೆ ಕೆಂಡ ಇಟ್ಟು ಬಾಣಂತಿಯನ್ನು ಕಾಯಿಸುವುದು, ತೊಟ್ಟಿಲ ಕೆಳಗೆ ಲೋಬಾನದ ಹೊಗೆ ಹಾಕುವುದು ಇಂದಿಗೂ ಬಿಟ್ಟುಹೋಗಿಲ್ಲ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಾಯಿ, ಮಗು ಇಬ್ಬರೂ ಮಲಗಿದಲ್ಲೇ ಹೋಗಬಹುದು. ಇಳಿಬಿದ್ದ ತೊಟ್ಟಿಲ ಬಟ್ಟೆಗೆ ಕಿಡಿ ಹತ್ತಲು ಎಷ್ಟು ಹೊತ್ತು? ಚಳಿಯಾದರೆ ಇನ್ನೊಂದು ಅಂಗಿ ಹಾಕಿ, ಅಗ್ಗಿಷ್ಟಿಕೆಯನ್ನು ಹೊರಗಿಡಿ.

ಈಗ ಅಂಗಡಿಯ ತೊಟ್ಟಿಲಿನ ಮಾತೇ ಎತ್ತದವರ ಬಗ್ಗೆ. ನಮ್ಮ ಐದೂ ತಾಲೂಕುಗಳಲ್ಲಿ ಅಂಥವರೇ ಹೆಚ್ಚು ಎಂದರೂ ನಡೆದೀತು. ಒಂದು ಹಳೆಯ ಸೀರೆ, ಎರಡು ಗಂಟು, ಆಯಿತು ಜೋಳಿಗೆ. ನಾನು ಮಲಗಿದ್ದೂ ಅದರಲ್ಲೇ. ಗಾಳಿಯಾಡುತ್ತದೆ, ಕೂಸು ಬೇಗ ಮಲಗುತ್ತದೆ, ಎಲ್ಲಿಗೆ ಬೇಕಾದರೂ ಒಯ್ಯಬಹುದು. 2005, 2019, 2021ರಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಹೊಳೆದಂಡೆಯ ಊರುಗಳು ನೀರಲ್ಲಿ ನಿಂತಾಗ ಸಾಗವಾನಿ ತೊಟ್ಟಿಲು ಯಾರ ಹೆಗಲೇರಿತು? ಕಾಳಜಿ ಕೇಂದ್ರದ ಶಾಲೆಯ ಕಿಟಕಿಗೆ ಕಟ್ಟಲು ಸಿಕ್ಕಿದ್ದು ಅಮ್ಮನ ಸೀರೆಯೇ.

ಹಾಗಾಗಿ ಜೋಳಿಗೆಯನ್ನು ಬಿಟ್ಟೇಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಅದರಲ್ಲಿ ಎರಡು ಅಪಾಯಗಳಿವೆ. ಒಂದು, ಮೇಲೆ ಹೇಳಿದ ಹಾಗೆ ಮಗು ಬಿಲ್ಲಿನಂತೆ ಬಾಗಿ ಗದ್ದ ಎದೆಗೆ ಅಂಟುವುದು. ಎರಡು ಬದಿಯ ಬಟ್ಟೆ ಮುಖದ ಮೇಲೆ ಮುಚ್ಚಿಕೊಳ್ಳದಂತೆ ಮೇಲ್ಗಡೆ ಅಡ್ಡಕೋಲು ಹಾಕಬೇಕು, ಬಟ್ಟೆ ಅಗಲವಾಗಿ ಹರಡಿರಬೇಕು, ದೊಡ್ಡವರೊಬ್ಬರ ಕಣ್ಣು ಅದರ ಮೇಲಿರಬೇಕು. ರಾತ್ರಿಯ ದೀರ್ಘ ನಿದ್ದೆಗೆ ನೆಲದ ಮೇಲೆ ಸಪಾಟು ಹಾಸಿಗೆಯೇ ಒಳ್ಳೆಯದು. ಇನ್ನೊಂದು ಅಪಾಯ ಕೂಸಿಗಲ್ಲ, ಅದರ ಅಕ್ಕನಿಗೆ, ಅಣ್ಣನಿಗೆ. ಖಾಲಿ ಜೋಳಿಗೆಯಲ್ಲಿ ಕುಳಿತು ಗಿರಗಿರ ತಿರುಗುವುದು ಮಕ್ಕಳಿಗೆ ಬಲು ಇಷ್ಟ. ಸೀರೆ ಹುರಿಗೊಂಡು ಕುತ್ತಿಗೆಗೆ ಸುತ್ತಿ ಮಕ್ಕಳು ಸತ್ತ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರು ಮತ್ತೆ ಮತ್ತೆ ದಾಖಲಿಸಿದ್ದಾರೆ. ಕೂಸನ್ನು ಎತ್ತಿಕೊಂಡ ಕೂಡಲೇ ಜೋಳಿಗೆಯನ್ನು ಬಿಚ್ಚಿಡಿ, ಇಲ್ಲವೇ ಮಕ್ಕಳ ಕೈಗೆಟಕದ ಹಾಗೆ ಮೇಲೆ ಗಂಟು ಹಾಕಿ.

ಕಬ್ಬಿನ ಕಟಾವು ಶುರುವಾದರೆ ಹೊಲಹೊಲಗಳಲ್ಲಿ ಜೋಳಿಗೆ ಕಾಣುತ್ತದೆ. ಬೇರೆ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಬರುವ ಗ್ಯಾಂಗಿನ ಹೆಂಗಸರು ಕೂಸನ್ನು ಕಟ್ಟಿಕೊಂಡೇ ಕಡಿಯುತ್ತಾರೆ. ಅವರ ಕೈಗೆ ಈ ಪುಟ ಸೇರುವುದಿಲ್ಲ, ಆದರೆ ಹೊಲದ ಮಾಲೀಕರ ಮನೆಯ ನೀವು ಓದುತ್ತಿದ್ದೀರಿ. ಟ್ರ್ಯಾಕ್ಟರಿನ ಟ್ರೇಲರಿಗೆ ಜೋಳಿಗೆ ಕಟ್ಟಲು, ಅದರ ನೆರಳಲ್ಲಿ ಕೂಸನ್ನು ಮಲಗಿಸಲು ಬಿಡಬೇಡಿ. ನಿಮ್ಮ ಬೇವಿನ ಮರದ ನೆರಳನ್ನೋ ಪಡಸಾಲೆಯ ಒಂದು ಮೂಲೆಯನ್ನೋ ತೋರಿಸಿ.

ನಿಪ್ಪಾಣಿಯ ಸಹೋದರಿಯರ ಕಥೆಯೇ ಬೇರೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ತಾಯಿ ಬೀಡಿ ಕಟ್ಟಿದರೆ ಮಾತ್ರ ಒಲೆ ಉರಿಯುತ್ತದೆ. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ-ತಂಬಾಕು, ಕಾಲ ಹೆಬ್ಬೆರಳಿಗೆ ತೊಟ್ಟಿಲ ಹಗ್ಗ. ಕೈಗೆ ಬಿಡುವಿಲ್ಲ, ಕಾಲು ತೂಗುತ್ತಿರುತ್ತದೆ. ಬೀಡಿ, ಸಿಗಾರ್ ಕಾರ್ಮಿಕರಿಗಾಗಿ 1966ರಲ್ಲಿ ಬಂದ ಕಾಯ್ದೆಯಲ್ಲಿ, ಗೊತ್ತುಪಡಿಸಿದ ಸಂಖ್ಯೆಗಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಗೆ ಕೂಸುಗಳ ಕೋಣೆ ಕಡ್ಡಾಯವೆಂದು ಬರೆದಿತ್ತು. ಮನೆಯಲ್ಲೇ ಕೂತು ಕಟ್ಟುವವಳ ಪಾಲಿಗೆ ಆ ಕೋಣೆ ಎಂದೂ ಬರಲಿಲ್ಲ. ತಂಬಾಕಿನ ಪುಡಿ ಗಾಳಿಯಲ್ಲಿ ಹಾರಿ ಕೂಸಿನ ಮೂಗು ಸೇರುತ್ತದೆ, ತೊಟ್ಟಿಲ ಬಟ್ಟೆಗೆ ಹತ್ತುತ್ತದೆ, ತಾಯಿಯ ಬೆರಳಿನಿಂದ ಬಾಯಿಗೂ ಹೋಗುತ್ತದೆ. ಬೀಡಿ ಬಿಡಿ ಎಂದು ಹೇಳಿ ನಾನು ಕೈತೊಳೆದುಕೊಳ್ಳಲಾರೆ. ಆದಷ್ಟು ಹೀಗೆ ಮಾಡಿ: ತೊಟ್ಟಿಲು ಬೇರೆ ಕೋಣೆಯಲ್ಲಿರಲಿ. ಒಂದೇ ಕೋಣೆಯ ಮನೆಯಾದರೆ ಗಾಳಿ ಬರುವ ಬಾಗಿಲ ಕಡೆ ತೊಟ್ಟಿಲು, ಗಾಳಿ ಹೋಗುವ ಕಡೆ ನೀವು. ಹಾಲುಣಿಸುವ ಮೊದಲು ಸಾಬೂನಿನಿಂದ ಕೈ ತೊಳೆದು, ಮೇಲಿನ ಓಢಣಿ ಬದಲಿಸಿ. ತಂಬಾಕಿನ ಚೀಲ ತೊಟ್ಟಿಲ ಕೆಳಗಂತೂ ಬೇಡವೇ ಬೇಡ. ಮನೆಯಲ್ಲಿ ಬೀಡಿ ಸೇದುವ ಗಂಡಸರಿದ್ದರೆ ಅವರ ಜಾಗ ಅಂಗಳ. ಹಠಾತ್ತನೆ ನಿದ್ದೆಯಲ್ಲಿ ಸಂಭವಿಸುವ ಶಿಶುಮರಣಕ್ಕೆ ಹೊಗೆ ದೊಡ್ಡ ಕಾರಣಗಳಲ್ಲೊಂದು ಎಂದು ಅವರಿಗೆ ಓದಿ ಹೇಳಿ.

ಕೊನೆಗೆ ಆ ಹುಡುಗಿಯ ತೊಟ್ಟಿಲು ಏನಾಯಿತೆಂದು ಕೇಳುತ್ತೀರಿ. ನಮ್ಮ ಅಟ್ಟದಲ್ಲಿ ಒಂದು ತೊಟ್ಟಿಲಿತ್ತು, ಬಣ್ಣವಿಲ್ಲದ್ದು, ನನ್ನ ಮಕ್ಕಳು ಮಲಗಿದ್ದು. ಇಳಿಸಿ ತೊಳೆದೆವು. ಒಂದು ಕಂಬಿ ಸಡಿಲಾಗಿತ್ತು, ಬಡಿಗ ಬಂದು ಹೊಸದು ಕೂರಿಸಿ, ನಾಲ್ಕು ಮೂಲೆಗೂ ಸ್ಕ್ರೂ ಬಿಗಿದು ಹೋದ. ಹಗ್ಗ ಹೊಸದು. ಒಟ್ಟು ಖರ್ಚು ಒಂದು ದಿನದ ಟಂಟಂ ಬಾಡಿಗೆಯಷ್ಟೂ ಆಗಲಿಲ್ಲ. ಹುಡುಗಿಯ ತಾಯಿಗೆ ಮಾತ್ರ ಅಳುಕು – "ಬೀಗರು ಏನ್ ಅಂತಾರೋ ಏನೋ ಆಪಾ." ನಾನೇ ಅಥಣಿಗೆ ಫೋನು ಮಾಡಿ ಹುಡುಗಿಯ ಅತ್ತೆಯೊಡನೆ ಮಾತಾಡಿದೆ. ಆಯಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಸಾಗವಾನಿ ತೊಟ್ಟಿಲು ಎರಡು ವರ್ಷದಿಂದ ಬಟ್ಟೆ ಇಡಲಿಕ್ಕಷ್ಟೇ ಆಗಿದೆ ಎಂದರು. ಫೋಟೊ ಕಳಿಸಿದ್ದು ತಾವಲ್ಲವೆಂದೂ ಹೇಳಿದರು. ಯಾರೆಂದು ನಾನು ಕೇಳಲಿಲ್ಲ.

ಮಗು ಹುಟ್ಟಿ ಈಗ ಹನ್ನೆರಡು ದಿನ. ಹೆಣ್ಣು. ಮೊನ್ನೆ ನೋಡಲು ಹೋಗಿದ್ದೆ, ಅಂಗಾತ ಮಲಗಿತ್ತು. ಸಾಸಿವೆಯ ತಕಿಯಾ ತೊಟ್ಟಿಲಿನಿಂದ ಇಳಿದು ನಾನಿಯ ತಲೆಯಡಿ ಸೇರಿತ್ತು.